ಕಾಮರ್ಸೂ ಬೇಕು, ಸೈನ್ಸೂ ಬೇಕು: ಎರಡನ್ನೂ ಓದುವ ದಾರಿಗಳಲ್ಲಿ ನಿಮಗೆ ಯಾವುದು?

ಪಿಯುಸಿ ರಿಸಲ್ಟ್ ಬಂದ ಮಾರನೇ ದಿನದಿಂದ ನನ್ನ ಫೋನಿಗೆ ಬಿಡುವಿಲ್ಲ. ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ ಅಂತ ಗೊತ್ತಿರುವವರೆಲ್ಲ ಕೇಳುತ್ತಾರೆ. ಮೊದಲೆಲ್ಲ ಕೇಳುತ್ತಿದ್ದದ್ದು ಬಿಕಾಂ ಒಳ್ಳೆಯದಾ, ಬಿಬಿಎ ಒಳ್ಳೆಯದಾ ಅಂತ. ಈಗ ಮಕ್ಕಳೇ ಮಾತಾಡುತ್ತಾರೆ. "ಮೇಡಂ, ನಂಗೆ ಮ್ಯಾಥ್ಸೂ ಇಷ್ಟ, ಷೇರು ಮಾರ್ಕೆಟ್ಟೂ ಇಷ್ಟ. ಎರಡನ್ನೂ ಓದೋಕಾಗಲ್ವಾ?"

ಆಗುತ್ತದೆ. ನಮ್ಮ ಭಾಷೆಯಲ್ಲಿ ಇವೆರಡೂ ಬೇರೆಯೇ ಆಗಿರಲಿಲ್ಲ. ಶಾಲೆಯಲ್ಲಿ ಮಾಡುವುದೂ ಲೆಕ್ಕ, ಅಂಗಡಿಯ ಖಾತೆ ಪುಸ್ತಕದಲ್ಲಿ ಬರೆಯುವುದೂ ಲೆಕ್ಕ. ಪಿಯುಸಿ ಅರ್ಜಿಯ ಹತ್ತಿರ ಬಂದಾಗ ಮಾತ್ರ ಅದು ಎರಡು ಸಾಲಾಗುತ್ತದೆ, ಒಂದನ್ನು ಟಿಕ್ ಮಾಡಬೇಕಾಗುತ್ತದೆ.

ಎರಡನ್ನೂ ಸೇರಿಸಿ ಓದಲು ಇವತ್ತು ನಾಲ್ಕೈದು ದಾರಿಗಳಿವೆ. ಖರ್ಚು, ಶ್ರಮ, ಕೊನೆಗೆ ಕೈಗೆ ಬರುವ ಸರ್ಟಿಫಿಕೇಟ್, ಎಲ್ಲದರಲ್ಲೂ ಒಂದಕ್ಕೊಂದು ದೂರ. ಅವುಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಮೊದಲು ಒಂದು ಮಾತು ಹೇಳಲೇಬೇಕು. ಹೆಚ್ಚಿನ ದಾರಿಗಳ ಬಾಗಿಲಲ್ಲಿ ಮೊದಲು ಕೇಳುವುದು ಗಣಿತ ಓದಿದ್ದೀರಾ ಅಂತ.

ಗಣಿತ ಬಿಟ್ಟರೆ ಒಂದು ಕಡೆಯ ಬಾಗಿಲು ಮುಚ್ಚುತ್ತದೆ

ಸೈನ್ಸ್ ಓದಿದವರು ಕಾಮರ್ಸ್ ಕಡೆಗೆ ಬರಬಹುದು. ಕಾಮರ್ಸ್ ಓದಿದವರು ಸೈನ್ಸ್ ಕಡೆಗೆ ಹೋಗುವುದು ಬಹಳ ಕಷ್ಟ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಪಿಸಿಎಂಬಿ ಓದಿದ ಹುಡುಗಿ ನಾಳೆ ಬೆಳಿಗ್ಗೆ ಬಿಕಾಂಗೆ ಸೇರಬಹುದು. ಬಿಎಸ್ಸಿ ಮುಗಿಸಿದವಳು ಸಿಎ ಕೂಡ ಮಾಡಬಹುದು. ಸಿಎಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಹೋಗಲು ಕಾಮರ್ಸ್ ಪದವೀಧರರಿಗೆ ಶೇ. 55 ಅಂಕ ಬೇಕು, ಉಳಿದವರಿಗೆ ಶೇ. 60. ವ್ಯತ್ಯಾಸ ಬರೀ ಐದು ಪರ್ಸೆಂಟ್! ಎಂಬಿಎಗೆ ಯಾವ ಡಿಗ್ರಿಯಾದರೂ ಸರಿ. ಬ್ಯಾಂಕ್ ಪರೀಕ್ಷೆಗಳಿಗೂ ಅಷ್ಟೇ.

ಈಗ ತಿರುಗಿಸಿ ನೋಡಿ. ಪಿಯುಸಿಯಲ್ಲಿ ಹೆಚ್‌ಇಬಿಎ ತೆಗೆದುಕೊಂಡವರು, ಅಂದರೆ ಇತಿಹಾಸ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಓದಿದವರು, ಮುಂದೆ ಬಿಎಸ್ಸಿ ಗಣಿತಕ್ಕೆ ಸೇರುವ ಹಾಗಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬಿ.ಮ್ಯಾಥ್ ಕೋರ್ಸಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಏನೂ ಬೇಡ. ಹನ್ನೆರಡನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಇದ್ದರೆ ಸಾಕು, ಪ್ರವೇಶ ಪರೀಕ್ಷೆಗೆ ಕೂರಬಹುದು. ಗಣಿತವೇ ಇಲ್ಲದಿದ್ದರೆ? ಅರ್ಜಿ ಹಾಕುವ ಹಾಗೂ ಇಲ್ಲ.

ನನಗೆ ಆದದ್ದೂ ಇದೇ. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಒಳ್ಳೆಯ ಅಂಕವಿತ್ತು. ಆದರೂ ಮನೆಯಲ್ಲಿ, ನೆಂಟರಲ್ಲಿ, ಕಾಲೇಜಿನ ಅಡ್ಮಿಷನ್ ಟೇಬಲ್ಲಿನ ಮುಂದೆ, ಎಲ್ಲರೂ ಹೇಳಿದ್ದು "ಕಾಮರ್ಸಿಗೆ ಮ್ಯಾಥ್ಸ್ ಯಾಕಮ್ಮ, ಸುಮ್ನೆ ಕಷ್ಟ" ಅಂತ. ಇತಿಹಾಸ ತೆಗೆದುಕೊಂಡೆ. ಬಿಕಾಂ ಎರಡನೇ ವರ್ಷ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬಂತು. ಕೋರಿಲೇಷನ್, ರಿಗ್ರೆಷನ್ ಅಧ್ಯಾಯ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಹಿಡಿಸಿತು. ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಮಾಡಬೇಕು ಅಂತ ವಿಚಾರಿಸಿದರೆ ಡಿಗ್ರಿಯಲ್ಲಿ ಗಣಿತವೋ ಸಂಖ್ಯಾಶಾಸ್ತ್ರವೋ ಪೂರ್ತಿ ವಿಷಯವಾಗಿ ಓದಿರಬೇಕು ಎಂದರು. ಎಂಕಾಂ ಮಾಡಿದೆ. ಈ ಕೆಲಸವನ್ನು ಪ್ರೀತಿಯಿಂದಲೇ ಮಾಡುತ್ತಿದ್ದೇನೆ. ಆದರೂ ಆ ಬಾಗಿಲು ಮುಚ್ಚಿದ್ದು ಹದಿನಾರನೇ ವಯಸ್ಸಿನಲ್ಲಿ, ನನಗೆ ಗೊತ್ತೇ ಇಲ್ಲದ ಹಾಗೆ.

ಹಾಗಾಗಿ ಎರಡರ ಮೇಲೂ ಮನಸ್ಸಿರುವ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿದ್ದರೆ ಪಿಯುಸಿಯಲ್ಲಿ ಗಣಿತ ಉಳಿಸಿಕೊಳ್ಳಿ. ಕಾಮರ್ಸ್ ವಿಭಾಗದಲ್ಲಿ ಸಿಗುವ ಬೇಸಿಕ್ ಮ್ಯಾಥ್ಸ್, ಸೈನ್ಸಿನವರ ಗಣಿತ ಎರಡೂ ಒಂದೇ ಅಲ್ಲ. ಬೇಸಿಕ್ ಮ್ಯಾಥ್ಸನ್ನು ಕೆಲವು ಕಡೆ ಒಪ್ಪುತ್ತಾರೆ, ಕೆಲವು ಕಡೆ ಇಲ್ಲ. ಮುಂದೆ ಸೇರಬೇಕೆಂದಿರುವ ಕಾಲೇಜಿಗೆ ಈಗಲೇ ಒಂದು ಇಮೇಲ್ ಕಳಿಸಿ, ಉತ್ತರವನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಬೇಡಿ.

ಆಸ್ಟ್ರೇಲಿಯಾದ ಡಬಲ್ ಡಿಗ್ರಿ

ಒಂದೇ ವಿಶ್ವವಿದ್ಯಾಲಯ, ಒಂದೇ ಅರ್ಜಿ, ನಾಲ್ಕು ವರ್ಷ, ಕೊನೆಗೆ ಬ್ಯಾಚುಲರ್ ಆಫ್ ಕಾಮರ್ಸ್ ಒಂದು, ಬ್ಯಾಚುಲರ್ ಆಫ್ ಸೈನ್ಸ್ ಇನ್ನೊಂದು. ಎರಡು ಡಿಗ್ರಿ ಒಟ್ಟಿಗೆ ಅಂದರೆ ಮೊದಲು ನೆನಪಾಗುವುದು ಇದೇ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಅಲ್ಲಿನ ಮಕ್ಕಳಿಗೆ ಇದರಲ್ಲಿ ಹೊಸದೇನೂ ಇಲ್ಲ.

ಮೂರು ಮೂರು ವರ್ಷದ ಎರಡು ಡಿಗ್ರಿ ನಾಲ್ಕೇ ವರ್ಷದಲ್ಲಿ ಹೇಗೆ ಮುಗಿಯುತ್ತದೆ? ಎಲ್ಲರೂ ಕೇಳುವ ಪ್ರಶ್ನೆ ಇದು. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದು ಡಿಗ್ರಿಗೆ 24 ಪೇಪರ್, ಮೂರು ವರ್ಷ. ಅದರಲ್ಲಿ ಕಡ್ಡಾಯವಾದವು ಸ್ವಲ್ಪ, ಉಳಿದವು ವಿದ್ಯಾರ್ಥಿಯೇ ಆರಿಸಿಕೊಳ್ಳುವಂಥವು. ಡಬಲ್ ಡಿಗ್ರಿಯಲ್ಲಿ ಒಟ್ಟು 32 ಪೇಪರ್. 16 ಕಾಮರ್ಸಿಗೆ, 16 ಸೈನ್ಸಿಗೆ. ಕಾಮರ್ಸ್ ಡಿಗ್ರಿಯ ಆಯ್ಕೆಯ ಜಾಗದಲ್ಲಿ ಸೈನ್ಸ್ ಪೇಪರ್ ಬಂದು ಕೂರುತ್ತದೆ, ಸೈನ್ಸ್ ಡಿಗ್ರಿಯ ಆಯ್ಕೆಯ ಜಾಗದಲ್ಲಿ ಕಾಮರ್ಸ್ ಪೇಪರ್. ಎರಡು ವರ್ಷ ಉಳಿಯುವುದು ಹೀಗೆ. ಪಾಠ ಬಿಟ್ಟುಹೋಗುವುದಿಲ್ಲ, ಆಯ್ಕೆಯ ಸ್ವಾತಂತ್ರ್ಯ ಹೋಗುತ್ತದೆ. ಸ್ವಲ್ಪ ಸಂಗೀತ, ಸ್ವಲ್ಪ ಇತಿಹಾಸ ಅಂತ ಓದುವ ಅವಕಾಶ ಈ ಮಕ್ಕಳಿಗೆ ಹೆಚ್ಚುಕಡಿಮೆ ಇರುವುದಿಲ್ಲ.

ಇನ್ನೊಂದು ತೊಡಕನ್ನು ಬ್ರೋಷರ್‌ಗಳು ಹೇಳುವುದಿಲ್ಲ. ಸೈನ್ಸ್ ಪೇಪರ್‌ಗಳು ಸರಪಳಿಯ ಹಾಗೆ. ಮೊದಲನೆಯದು ಪಾಸಾಗದೆ ಎರಡನೆಯದಕ್ಕೆ ಹೋಗುವ ಹಾಗಿಲ್ಲ. ಎಷ್ಟೋ ಪೇಪರ್‌ಗಳನ್ನು ವರ್ಷಕ್ಕೆ ಒಂದೇ ಸಲ ಪಾಠ ಮಾಡುತ್ತಾರೆ. ಒಂದು ಫೇಲಾದರೆ, ಅಥವಾ ಅದೇ ಸಮಯಕ್ಕೆ ಕಾಮರ್ಸಿನ ಕಡ್ಡಾಯ ತರಗತಿ ಬಿದ್ದರೆ, ಒಂದು ವರ್ಷ ಹಿಂದೆ ಬೀಳಬೇಕಾಗುತ್ತದೆ. ಅಲ್ಲಿ ಓದುವವರು ಮೊದಲ ವಾರವೇ ನಾಲ್ಕೂ ವರ್ಷದ ಪಟ್ಟಿಯನ್ನು ಕೂತು ಬರೆದಿಟ್ಟುಕೊಳ್ಳುವುದು ಇದಕ್ಕೇ.

ಜೋಡಿ ಸರಿಯಾಗಿ ಕೂಡಿದರೆ ಮಾತ್ರ ಇದು ಚಿನ್ನ. ಫೈನಾನ್ಸ್ ಜೊತೆ ಗಣಿತ, ಅರ್ಥಶಾಸ್ತ್ರದ ಜೊತೆ ಡೇಟಾ ಸೈನ್ಸ್, ಮಾರ್ಕೆಟಿಂಗ್ ಜೊತೆ ಮನಃಶಾಸ್ತ್ರ (ಅಲ್ಲಿ ಅದು ಎಷ್ಟೋ ಕಡೆ ಸೈನ್ಸ್ ವಿಭಾಗದಲ್ಲೇ ಇರುತ್ತದೆ). ಇಂಥ ಜೋಡಿಯಲ್ಲಿ ಒಂದು ತರಗತಿಯಲ್ಲಿ ಕಲಿತದ್ದು ಇನ್ನೊಂದರಲ್ಲಿ ಕೈಗೆ ಬರುತ್ತದೆ. ಅಕೌಂಟಿಂಗ್ ಜೊತೆ ಸಸ್ಯಶಾಸ್ತ್ರ ಕೂಡ ತೆಗೆದುಕೊಳ್ಳಬಹುದು. ಆಗ ಎರಡು ಬೇರೆ ಬೇರೆ ಕಾಲೇಜಿಗೆ ಹೋದ ಹಾಗೇ ಆಗುತ್ತದೆ.

ಇನ್ನು ಖರ್ಚು. ಹೊರದೇಶದ ವಿದ್ಯಾರ್ಥಿಗಳಿಗೆ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಫೀಸು ವರ್ಷಕ್ಕೆ 50,000 ಆಸ್ಟ್ರೇಲಿಯನ್ ಡಾಲರ್ ಆಸುಪಾಸು. ಕೆಲವು ಕಡೆ ಇನ್ನೂ ಜಾಸ್ತಿ. ಡಾಲರಿಗೆ 55 ರೂಪಾಯಿ ಹಿಡಿದರೂ ನಾಲ್ಕು ವರ್ಷಕ್ಕೆ 1 ಕೋಟಿ 10 ಲಕ್ಷ, ಅದೂ ಬರೀ ಫೀಸು. ಇದರ ಮೇಲೆ ಒಂದು ವರ್ಷದ ಊಟ ವಸತಿಗೆ 29,710 ಡಾಲರ್ ಇದೆ ಅಂತ ವೀಸಾ ಅರ್ಜಿಯಲ್ಲಿ ತೋರಿಸಬೇಕು. 2024ರ ಮೇ ತಿಂಗಳಲ್ಲಿ ಬಂದ ನಿಯಮ ಇದು. ರೂಪಾಯಿಯಲ್ಲಿ 16 ಲಕ್ಷಕ್ಕೂ ಜಾಸ್ತಿ. ತರಗತಿ ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ಅದರಿಂದ ಮನೆ ಬಾಡಿಗೆ ಹೊರೆ ಸ್ವಲ್ಪ ಇಳಿಯಬಹುದು, ಫೀಸು ಕಟ್ಟಲಾಗುವುದಿಲ್ಲ.

ನನ್ನ ಮಗಳಿಗೆ ಇದರ ಆಸೆ ಹುಟ್ಟಿಸಿದ್ದು ಬೆಂಗಳೂರಿನ ಒಬ್ಬ ಏಜೆಂಟ್. "ಎರಡು ಡಿಗ್ರಿ ಅಂದ್ರೆ ಎರಡು ಪಟ್ಟು ಸಂಬಳ" ಎಂದರು ಅವರು. ಅದು ಸುಳ್ಳು. ಕೆಲಸಕ್ಕೆ ತೆಗೆದುಕೊಳ್ಳುವವರು ಡಿಗ್ರಿಗಳನ್ನು ಎಣಿಸಿ ಸಂಬಳ ಕೊಡುವುದಿಲ್ಲ. ತೋಟ ಅಡವಿಟ್ಟು ಸಾಲ ಮಾಡುವ ಮನೆಯವರು ಈ ಮಾತು ಕೇಳಿ ಹೆಜ್ಜೆ ಇಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಸಾಲವಿಲ್ಲದೆ ನಿಭಾಯಿಸುವ ಶಕ್ತಿ ಇದ್ದರೆ, ಅಥವಾ ದೊಡ್ಡ ಸ್ಕಾಲರ್‌ಶಿಪ್ ಸಿಕ್ಕರೆ, ಮಗುವಿಗೆ ಎರಡರ ಮೇಲೂ ನಿಜವಾದ ಆಸೆ ಇದ್ದರೆ, ಇದಕ್ಕಿಂತ ಚೆಂದದ ಕಲಿಕೆ ಕಡಿಮೆ.

ಇಲ್ಲೇ ಇದ್ದು ಎರಡು ಡಿಗ್ರಿ

2022ರ ಏಪ್ರಿಲ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಂದು ದೊಡ್ಡ ಬದಲಾವಣೆ ಮಾಡಿತು. ಅಲ್ಲಿಂದ ಈಚೆಗೆ ಒಬ್ಬರು ಒಟ್ಟಿಗೇ ಎರಡು ಡಿಗ್ರಿ ಓದಬಹುದು. ಎರಡನ್ನೂ ಕಾಲೇಜಿಗೆ ಹೋಗಿ ಓದುವುದಾದರೆ ತರಗತಿಯ ಸಮಯ ಒಂದರ ಮೇಲೊಂದು ಬರಬಾರದು. ಇಲ್ಲವಾದರೆ ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ. ಬೇಕಾದರೆ ಎರಡನ್ನೂ ದೂರಶಿಕ್ಷಣದಲ್ಲೇ ಮಾಡಬಹುದು. ಕೇಳುವುದಕ್ಕೆ ಆಸ್ಟ್ರೇಲಿಯಾದ ಹಾಗೇ ಇದೆ, ಅಲ್ವಾ? ಒಳಗೆ ಮಾತ್ರ ಬೇರೆ. ಅಲ್ಲಿ ಎರಡು ಅರ್ಧ ಸೇರಿಸಿ ಬಡಿಸುತ್ತಾರೆ, ಇಲ್ಲಿ ಎರಡು ಪೂರ್ತಿ ಊಟ. ಬಿಕಾಂನ ಒಂದು ಪೇಪರನ್ನೂ ಬಿಎಸ್ಸಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂದುಕೊಂಡೇ ಹೊರಡಿ.

ಇದರಲ್ಲಿ ಯಾವುದನ್ನು ಕಾಲೇಜಿನಲ್ಲಿ ಓದಬೇಕು, ಯಾವುದನ್ನು ಮನೆಯಲ್ಲಿ? ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸೈನ್ಸ್ ಕಾಲೇಜಿನಲ್ಲಿ, ಕಾಮರ್ಸ್ ಮನೆಯಲ್ಲಿ. ಅಕೌಂಟ್ಸಿನ ಟ್ರಯಲ್ ಬ್ಯಾಲೆನ್ಸನ್ನು ಅಡುಗೆಮನೆ ಮೇಜಿನ ಮೇಲೆ ಕೂತು ಹತ್ತು ಸಲ ಮಾಡಿ ಕಲಿಯಬಹುದು. ಕೆಮಿಸ್ಟ್ರಿ ಲ್ಯಾಬಿನ ಟೈಟ್ರೇಷನ್ ಹಾಗಲ್ಲ. ಬ್ಯುರೆಟ್ ಕೈಯಲ್ಲಿ ಹಿಡಿದು, ಬಣ್ಣ ತಿರುಗುವ ಆ ಒಂದು ಹನಿಯನ್ನು ಕಣ್ಣಾರೆ ನೋಡಬೇಕು. ನಾನು ಕಾಮರ್ಸ್ ಟೀಚರ್ ಆಗಿದ್ದುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ದೂರಶಿಕ್ಷಣದ ಬಿಕಾಂಗೆ ನಮ್ಮ ಕಡೆಯವರಿಗೆ ಹತ್ತಿರವಿರುವುದು ಮೈಸೂರಿನ ಮುಕ್ತಗಂಗೋತ್ರಿ, ಅಂದರೆ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಇನ್ನೊಂದು ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಮುಕ್ತ ವಿವಿಗೆ ಯುಜಿಸಿ ಮಾನ್ಯತೆ ಕೆಲವು ವರ್ಷ ತಪ್ಪಿಹೋಗಿತ್ತು, 2018ರಲ್ಲಿ ಮರಳಿ ಬಂತು. ಆ ನಡುವೆ ಮಕ್ಕಳು ಪಟ್ಟ ಪಾಡು ಚಿಕ್ಕದಲ್ಲ. ಆದ್ದರಿಂದ ಯಾವುದೇ ದೂರಶಿಕ್ಷಣಕ್ಕೆ ಸೇರುವಾಗ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯಾ ಎಂದು ಯುಜಿಸಿ ಪಟ್ಟಿಯಲ್ಲಿ ನೀವೇ ನೋಡಿ.

ಈ ದಾರಿಯ ದೊಡ್ಡ ತಲೆನೋವು ಪರೀಕ್ಷೆ. ಎರಡು ವಿಶ್ವವಿದ್ಯಾಲಯಗಳು ಒಂದಕ್ಕೊಂದು ಕೇಳಿಕೊಂಡು ದಿನಾಂಕ ಇಡುವುದಿಲ್ಲ. ನನ್ನ ಒಬ್ಬ ವಿದ್ಯಾರ್ಥಿಗೆ ಬೆಳಿಗ್ಗೆ ಒಂದು ಊರಿನಲ್ಲಿ, ಅದೇ ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಪರೀಕ್ಷೆ ಬಿದ್ದಿತ್ತು. ಬಸ್ಸಿನಲ್ಲಿ ಊಟ ಮಾಡಿಕೊಂಡು ಹೋಗಿ ಬರೆದ, ಪಾಸೂ ಆದ. ಎಲ್ಲರಿಗೂ ಆಗುವ ಮಾತಲ್ಲ ಅದು.

ಬಿಕಾಂ ಜೊತೆ ಐಐಟಿ ಮದ್ರಾಸ್

ಈಗಾಗಲೇ ಗಣಿತವಿಲ್ಲದೆ ಪಿಯುಸಿ ಮುಗಿಸಿದವರು ಇಲ್ಲಿ ಸ್ವಲ್ಪ ಗಮನ ಕೊಡಿ. ನನ್ನ ಕಾಲದಲ್ಲಿ ಇಂಥದ್ದು ಇರಲಿಲ್ಲ.

ಐಐಟಿ ಮದ್ರಾಸ್ 2020ರಲ್ಲಿ ಆನ್‌ಲೈನ್ ಡಿಗ್ರಿ ಶುರುಮಾಡಿತು. ಈಗ ಅದರ ಹೆಸರು ಬಿಎಸ್ ಇನ್ ಡೇಟಾ ಸೈನ್ಸ್ ಅಂಡ್ ಅಪ್ಲಿಕೇಶನ್ಸ್. ಇದಕ್ಕೆ ಜೆಇಇ ಬೇಡ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಸರಿ, ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ನಾಲ್ಕು ವಾರ ಪಾಠ ಕೇಳಿ ಒಂದು ಅರ್ಹತಾ ಪರೀಕ್ಷೆ ಪಾಸು ಮಾಡಿದರೆ ಪ್ರವೇಶ. ಮೊದಲ ಹಂತದಲ್ಲಿ ಎಂಟು ಕೋರ್ಸ್: ಗಣಿತ ಎರಡು, ಸಂಖ್ಯಾಶಾಸ್ತ್ರ ಎರಡು, ಇಂಗ್ಲಿಷ್ ಎರಡು, ಕಂಪ್ಯೂಟೇಶನಲ್ ಥಿಂಕಿಂಗ್, ಪೈಥಾನ್ ಪ್ರೋಗ್ರಾಮಿಂಗ್. ವರ್ಷಕ್ಕೆ ಮೂರು ಟರ್ಮ್, ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ಶುರು. ಪಾಠ ಆನ್‌ಲೈನ್, ಆದರೆ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಕೂತು ಬರೆಯಬೇಕು. ಫೀಸನ್ನು ಕೋರ್ಸಿಗೆ ಇಷ್ಟು ಅಂತ ಕಟ್ಟುತ್ತಾ ಹೋಗಬಹುದು, ಮನೆಯ ಆದಾಯ ಕಡಿಮೆ ಇದ್ದರೆ ರಿಯಾಯಿತಿಯೂ ಇದೆ. ನಡುವೆ ನಿಲ್ಲಿಸಿದರೆ ಆ ಹಂತದ ಸರ್ಟಿಫಿಕೇಟ್ ಸಿಗುತ್ತದೆ: ಮೊದಲು ಫೌಂಡೇಶನ್, ಆಮೇಲೆ ಡಿಪ್ಲೊಮಾ, ಆಮೇಲೆ ಬಿಎಸ್ಸಿ, ಕೊನೆಗೆ ಬಿಎಸ್.

ಸುಲಭ ಅಂತ ಮಾತ್ರ ತಿಳಿಯಬೇಡಿ. ಪ್ರತಿ ವಾರ ಅಸೈನ್‌ಮೆಂಟ್ ಕಟ್ಟಬೇಕು. ಪಿಯುಸಿಯಲ್ಲಿ ಗಣಿತ ಬಿಟ್ಟ ಮಕ್ಕಳಿಗೆ ಎರಡನೇ ಗಣಿತ ಕೋರ್ಸಿನ ಮ್ಯಾಟ್ರಿಕ್ಸ್, ವೆಕ್ಟರ್‌ಗಳ ಹತ್ತಿರ ಉಸಿರು ಕಟ್ಟುತ್ತದೆ. ಟರ್ಮಿಗೆ ನಾಲ್ಕು ಕೋರ್ಸಿನವರೆಗೆ ತೆಗೆದುಕೊಳ್ಳಬಹುದು. ಕಾಲೇಜು ಓದುತ್ತಾ ಮಾಡುವವರು ಎರಡೇ ತೆಗೆದುಕೊಳ್ಳಿ. ಮುಗಿಸಲು ಎಂಟು ವರ್ಷದವರೆಗೂ ಸಮಯವಿದೆ, ಓಡುವ ಅಗತ್ಯವಿಲ್ಲ. ಬಿಕಾಂ ಓದುತ್ತಾ ಇದರ ಡಿಪ್ಲೊಮಾ ಹಂತ ಮುಟ್ಟಿದ ಹುಡುಗ, ಸುಮ್ಮನೆ ಎರಡನೇ ಡಿಗ್ರಿಗೆ ಹೆಸರು ಬರೆಸಿದವನಿಗಿಂತ ಎಷ್ಟೋ ಮುಂದೆ ಇರುತ್ತಾನೆ. ಅವನಿಗೆ ಕೆಲಸ ಮಾಡಲು ಬರುತ್ತದೆ.

ಒಂದೇ ಡಿಗ್ರಿ, ಒಳಗೆ ಎರಡೂ

ಎಲ್ಲರೂ ಮರೆಯುವ ದಾರಿ ಇದು, ನನಗೆ ಅತಿ ಇಷ್ಟವಾದದ್ದೂ ಇದೇ. ಕಾಮರ್ಸ್ ಮತ್ತು ಸೈನ್ಸ್ ಸೇರುವ ಜಾಗವನ್ನೇ ಓದುವುದು. ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಈ ಮೂರು ಒಟ್ಟಿಗೆ ಇರುವ ಕಾಂಬಿನೇಷನ್ನನ್ನು ಬೆಂಗಳೂರಿನ ಕಾಲೇಜುಗಳಲ್ಲಿ ಇಎಂಎಸ್ ಅನ್ನುತ್ತಾರೆ. ಸೇಂಟ್ ಜೋಸೆಫ್ಸ್, ಕ್ರೈಸ್ಟ್‌ನಂಥ ಕಡೆ ಇದು ಬಹಳ ಕಾಲದಿಂದ ಇದೆ. ಕೋರ್ಸಿನ ಹೆಸರು ಆಗಾಗ ಬದಲಾಗುತ್ತದೆ, ಹಾಗಾಗಿ ಹೆಸರು ಬಿಟ್ಟು ಸಿಲೆಬಸ್ ನೋಡಿ. ಜ್ಞಾನಭಾರತಿಯ ಹತ್ತಿರದ ಬೇಸ್ (ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್) ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನೇ ಬಿಎಸ್ಸಿಯಾಗಿ ಓದಬಹುದು.

ಇಲ್ಲಿಂದ ಆಕ್ಚುರಿ ಕೆಲಸಕ್ಕೂ ದಾರಿ ಇದೆ. ನಲವತ್ತು ವರ್ಷದ ಒಬ್ಬರಿಗೆ ಜೀವವಿಮೆ ಪ್ರೀಮಿಯಂ ಎಷ್ಟಿರಬೇಕು? ಸಾವಿನ ಸಂಭವ ಎಷ್ಟು ಎಂಬುದು ಸಂಖ್ಯಾಶಾಸ್ತ್ರ, ಆ ಹಣ ಇಪ್ಪತ್ತು ವರ್ಷದಲ್ಲಿ ಎಷ್ಟು ಬೆಳೆಯುತ್ತದೆ ಎಂಬುದು ಫೈನಾನ್ಸ್. ಎರಡನ್ನೂ ಒಂದೇ ಹಾಳೆಯ ಮೇಲೆ ಕೂಡಿಸುವವರೇ ಆಕ್ಚುರಿಗಳು. ಇದಕ್ಕೆ ಎರಡು ಡಿಗ್ರಿ ಬೇಡ. ಪಿಯುಸಿ ಆದ ಮೇಲೆ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾ ನಡೆಸುವ ಎಸೆಟ್ ಪ್ರವೇಶ ಪರೀಕ್ಷೆ ಬರೆದು, ಡಿಗ್ರಿ ಓದುತ್ತಲೇ ಅದರ ಪೇಪರ್‌ಗಳನ್ನು ಒಂದೊಂದಾಗಿ ಮುಗಿಸಬಹುದು. ವರ್ಷಗಟ್ಟಲೆ ಹಿಡಿಯುವ ಓದು, ತುಂಬಾ ಕಠಿಣ. ಗಣಿತ ಖುಷಿ ಕೊಡುವ ಮಕ್ಕಳಿಗೆ ಮಾತ್ರ.

ಒಂದು ಮುಗಿಸಿ ಇನ್ನೊಂದು ಮಾಡುವ ಹಳೆಯ ದಾರಿ ಗೊತ್ತೇ ಇದೆ. ಬಿಎಸ್ಸಿ ಆದ ಮೇಲೆ ಸಿಎ, ಅಥವಾ ಎರಡು ವರ್ಷ ಕೆಲಸ ಮಾಡಿ ಎಂಬಿಎ. ಸಿಎಗೆ ಈಗ ಆರ್ಟಿಕಲ್‌ಶಿಪ್ (ಆಡಿಟರ್ ಕೈಕೆಳಗೆ ಮಾಡುವ ತರಬೇತಿ) ಎರಡು ವರ್ಷ, ಮೊದಲು ಮೂರಿತ್ತು. ಮನೆಯಲ್ಲಿ ದುಡ್ಡಿನ ಬಿಗಿ ಇದ್ದರೆ, ಅಥವಾ ಮಗುವಿಗೆ ಇನ್ನೂ ಗೊಂದಲವಿದ್ದರೆ, ಇದೇ ಸರಿ.

ನಾನಾದರೆ ಹೀಗೆ ಹೇಳುತ್ತೇನೆ

ಎರಡನೇ ಡಿಗ್ರಿಯ ಕಾಗದ ನಿಜವಾಗಿ ಎಲ್ಲಿ ಬೇಕಾಗುತ್ತದೆ ಅಂತ ಮೊದಲು ನೋಡಿ. ಮುಂದೆ ಎಂಕಾಂ ಮಾಡಿ ಲೆಕ್ಚರರ್ ಆಗಬೇಕೆಂದಿದ್ದರೆ ಬಿಕಾಂ ಬೇಕು. ಎಂಎಸ್ಸಿ ಮಾಡುವುದಾದರೆ ಬಿಎಸ್ಸಿ ಬೇಕು. ಸಿಎ, ಆಕ್ಚುರಿ, ಬ್ಯಾಂಕ್, ಎಂಬಿಎ, ಇವು ಯಾವುದಕ್ಕೂ ಎರಡು ಕಾಗದ ಬೇಡ. ಅಲ್ಲಿ ಬೇಕಾದದ್ದು ಎರಡರ ತಿಳಿವಳಿಕೆ. ಅದಕ್ಕೆ ಇಎಂಎಸ್ ಆದೀತು, ಬಿಕಾಂ ಜೊತೆ ಐಐಟಿ ಮದ್ರಾಸ್ ಕೋರ್ಸೂ ಆದೀತು.

ವರ್ಷಗಳ ಲೆಕ್ಕವನ್ನೂ ಹಾಕಿ. ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು 2024-25ರಿಂದ ಬಿಟ್ಟು ರಾಜ್ಯದ ವಿವಿಗಳು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿವೆ. ಮುಂದೆ ಹೊರದೇಶದಲ್ಲಿ ಮಾಸ್ಟರ್ಸ್ ಮಾಡುವ ಯೋಚನೆ ಇದ್ದರೆ, ಮೂರು ವರ್ಷದ್ದನ್ನು ಅಲ್ಲಿ ಒಪ್ಪುತ್ತಾರಾ ಎಂದು ಈಗಲೇ ಕೇಳಿಡಿ. ಅಮೆರಿಕದ ಕೆಲವು ಕಡೆ ನಾಲ್ಕು ವರ್ಷ ಕೇಳುತ್ತಾರೆ.

ನನ್ನ ಮಗಳು ಪಿಯುಸಿಯಲ್ಲಿ ಗಣಿತ ಉಳಿಸಿಕೊಂಡಿದ್ದಳು. ಆಸ್ಟ್ರೇಲಿಯಾದ ಬ್ರೋಷರನ್ನು ಮೂರು ತಿಂಗಳು ಮೇಜಿನ ಮೇಲೆ ಇಟ್ಟುಕೊಂಡಿದ್ದು, ಕೊನೆಗೆ ತಾನೇ ಎತ್ತಿಟ್ಟು ಬೆಂಗಳೂರಿನಲ್ಲಿ ಇಎಂಎಸ್ ಸೇರಿದಳು. ಜೊತೆಗೆ ದೂರಶಿಕ್ಷಣದಲ್ಲಿ ಬಿಕಾಂ ಕಟ್ಟುವ ಮಾತು ಬಂತು. ನಾನು ಬೇಡ ಎಂದೆ. ಅಕೌಂಟ್ಸನ್ನು ಶನಿವಾರ ರಾತ್ರಿ ಫೋನಿನಲ್ಲಿ ನಾನೇ ಹೇಳಿಕೊಡುತ್ತಿದ್ದೇನೆ. ಸದ್ಯ ಡಿಪ್ರಿಸಿಯೇಷನ್ ಮುಗಿದಿದೆ.

ಎರಡು ಡಿಗ್ರಿಗೆ ಸೇರಲೇಬೇಕು ಅಂತ ನಿರ್ಧರಿಸಿದವರು ಫೀಸು ಕಟ್ಟುವ ಮೊದಲು ಟಿಸಿ ವಿಚಾರ ಕೇಳಿಕೊಳ್ಳಿ. ಪಿಯು ಕಾಲೇಜು ಕೊಡುವ ಮೂಲ ಟಿಸಿ ಒಂದೇ. ಮೊದಲ ಕಾಲೇಜು ಅದನ್ನು ಇಟ್ಟುಕೊಳ್ಳುತ್ತದೆ. ಎರಡನೆಯವರೂ ಮೂಲವೇ ಬೇಕು ಅಂದರೆ ಅಲ್ಲಿಗೆ ನಿಂತುಹೋಗುತ್ತದೆ. ಮೊದಲ ಕಾಲೇಜಿಗೆ ಕೊಡುವ ಮುಂಚೆ ಟಿಸಿ, ಅಂಕಪಟ್ಟಿ ಎರಡರದ್ದೂ ನಾಲ್ಕು ನಾಲ್ಕು ಜೆರಾಕ್ಸ್ ತೆಗೆಸಿ, ದೃಢೀಕರಿಸಿ ಇಟ್ಟುಕೊಳ್ಳಿ.